ಅರ್ಧ ಸುತ್ತಿದ ರೀಲು

ಮಾರ್ಚ್ 3, ಸೋಮವಾರ

ದಿನಚರಿ ಬರೆಯುವ ಚಾಳಿ ನನಗಿಲ್ಲ. ಮಾತಿಗೆ ಮಾತು ಕೊಡುತ್ತಿದ್ದವರು ಬಾಯಿ ಕಟ್ಟಿ ಕೂತ ಮೇಲೆ ಈ ಪುಸ್ತಕ ತೆಗೆದಿದ್ದೇನೆ. ಜಗಳಕ್ಕಾದರೂ ಎದುರಿಗೆ ಏನಾದರೂ ಬೇಕಲ್ಲ.

ಇವರನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ಹೋಗಿದೆ, ಒಂದನ್ನು ಬಿಟ್ಟು. ನೀರು ಬೇಕಾ ಎಂದರೂ, ದಿಂಬು ಸರಿಯಿದೆಯಾ ಎಂದರೂ ಇವರ ಬಾಯಿಂದ ಬರುವುದು ಅದೊಂದೇ: "ಹೋಗಿ ಬರ್ತೀನಿ." ಹೊಸಿಲು ದಾಟುವಾಗ ಯಾರು ಬೇಕಾದರೂ ಆಡುವ ಮಾತು. ಹಾಸಿಗೆ ಹಿಡಿದ ಮನುಷ್ಯ ಆಡಿದರೆ ಕೇಳುವವರ ಎದೆ ಧಸಕ್ಕೆನ್ನುತ್ತದೆ. ನಾದಿನಿಯಂತೂ "ಅಣ್ಣ, ಹಾಗನ್ಬೇಡ್ವೋ" ಎಂದು ಅತ್ತೇಬಿಟ್ಟಳು.

ನಾವು ಹೇಳುವುದು ಇವರಿಗೆ ಅರ್ಥವಾಗುತ್ತಿದೆಯೇ ಎಂದು ಡಾಕ್ಟರನ್ನು ಕೇಳಿದೆ. "ಆಗ್ತಿರಬಹುದು, ಆಗದೇನೂ ಇರಬಹುದು. ಕಾದು ನೋಡೋಣ" ಎಂದರು. ಅಷ್ಟು ಓದಿ ಅಷ್ಟೇ ಹೇಳುವುದಾದರೆ ನಾನೂ ಡಾಕ್ಟರಾಗಬಹುದಿತ್ತು.

ಮದುವೆಯಾದಾಗಿನಿಂದ ಸಂಜೆ ಬಾಗಿಲಲ್ಲಿ ನಿಂತು "ಬಂದೆ!" ಎಂದು ಕೂಗುವುದು ಇವರ ಅಭ್ಯಾಸ. ಕಂಪ್ಯೂಟರಿನಿಂದ ಕಣ್ಣು ಕೀಳದೆ "ಯಾಕಿಷ್ಟು ತಡ?" ಎನ್ನುವುದು ನನ್ನದು. ಬೇಗ ಬಂದ ದಿನವೂ ಅದನ್ನೇ ಕೇಳುತ್ತಿದ್ದೆ. ಇವತ್ತು ಗಾಲಿಕುರ್ಚಿ ಹೊಸಿಲು ದಾಟುವಾಗ ಅದು ನೆನಪಾಯಿತು. ಕುರ್ಚಿಯೇನೋ ಒಳಗೆ ಬಂತು. ಇವರು ಬಂದರೋ ಇಲ್ಲವೋ ತಿಳಿಯಲಿಲ್ಲ.

ಮಾರ್ಚ್ 6, ಗುರುವಾರ

ನಾದಿನಿ ಕ್ಯಾಮೆರಾ ತಂದುಕೊಟ್ಟಳು. ಅವಳು ಮೇಲ್ವಿಚಾರಕಿಯಾಗಿರುವ ಹೊಲಿಗೆ ಕಾರ್ಖಾನೆಯಲ್ಲೇ ಇವರು ಅವತ್ತು ಫೋಟೋ ತೆಗೆಯುತ್ತಿದ್ದದ್ದು. ಉದ್ದನೆಯ ಹಾಲ್, ಒಂದೇ ಸಾಲಿನಲ್ಲಿ ಮೆಷಿನ್ನುಗಳು, ಅವುಗಳ ಹಿಂದೆ ಎತ್ತರದ ಕಿಟಕಿಗಳು. ಎಡತುದಿಯಿಂದ ಶುರುಮಾಡಿ ನಡುವಿನ ಕಿಟಕಿಯವರೆಗೆ ಬಂದಿದ್ದರಂತೆ. ಆಮೇಲೆ ಕೈ ಜಾರಿತು, ಬಾಯಿ ಸೊಟ್ಟಗಾಯಿತು, ಕುಸಿದು ಕೂತರು.

"ಕ್ಯಾಮೆರಾ ಕುತ್ತಿಗೇಲೇ ಇತ್ತು ಅತ್ತಿಗೆ, ನೆಲಕ್ಕೆ ಬೀಳಲಿಲ್ಲ" ಎಂದಳು, ಅದೊಂದಾದರೂ ಸಮಾಧಾನ ಎಂಬಂತೆ.

ಕ್ಯಾಮೆರಾ ಎಂದರೆ ಪ್ಲಾಸ್ಟಿಕ್ ಡಬ್ಬ, ಆಟದ ಸಾಮಾನಿನ ಹಾಗೆ. ಒಳಗೆ ಅಗಲವಾದ ಫಿಲಂ. ಲೋಕದವರೆಲ್ಲ ಒಂದು ಫೋಟೋ ತೆಗೆದು, ಹಿಂಬದಿಯ ಕೆಂಪು ಕಿಂಡಿಯಲ್ಲಿ ಮುಂದಿನ ಅಂಕಿ ಕಾಣುವವರೆಗೆ ಫಿಲಂ ಸುತ್ತಿ, ಆಮೇಲೆ ಇನ್ನೊಂದು ತೆಗೆಯುತ್ತಾರೆ. ಇವರು ಆ ಕಿಂಡಿಗೆ ಕಪ್ಪು ಟೇಪು ಅಂಟಿಸಿದ್ದಾರೆ. ಒಂದು ಸಲ ಒತ್ತುವುದು, ಅರ್ಧಂಬರ್ಧ ಸುತ್ತುವುದು, ಮತ್ತೆ ಒತ್ತುವುದು. ಒಂದು ಚಿತ್ರದ ಅರ್ಧದ ಮೇಲೆ ಮುಂದಿನದು ಹತ್ತಿ ಕೂರುತ್ತದೆ. ರೀಲು ಮುಗಿಯುವ ಹೊತ್ತಿಗೆ ತುಂಡಿಲ್ಲದ ಒಂದೇ ಉದ್ದನೆಯ ಚಿತ್ರ. ಅದು ಹೇಗೆ ಬಂದಿದೆ ಎಂದು ತೊಳೆಯುವವರೆಗೆ ದೇವರಿಗೂ ಗೊತ್ತಿರುವುದಿಲ್ಲ.

ನಾನೂ ಉದ್ದನೆಯ ಚಿತ್ರಗಳನ್ನೇ ಮಾಡುತ್ತೇನೆ, ಸಂಬಳಕ್ಕೆ. ಡಿಜಿಟಲ್ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಹೊಲಿಗೆ ಕಾಣದಂತೆ ಜೋಡಿಸಿ ಹೋಟೆಲಿನ ಗೋಡೆಗೋ ಆಸ್ಪತ್ರೆಯ ಹಜಾರಕ್ಕೋ ಕೊಡುವುದು. ಎರಡು ಫೋಟೋಗಳ ನಡುವೆ ಯಾರಾದರೂ ಅಲ್ಲಾಡಿದರೆ ಅವರ ಅರ್ಧ ಮೈ ಮಾತ್ರ ಉಳಿದುಬಿಡುತ್ತದೆ. ಅದಕ್ಕೆ ನಮ್ಮಲ್ಲಿ ದೆವ್ವ ಎನ್ನುತ್ತೇವೆ. ದೆವ್ವ ಬಿಡಿಸುವುದರಲ್ಲಿ ನನ್ನದು ಪಳಗಿದ ಕೈ. "ನಾನು ದಿನವಿಡೀ ಓಡಿಸೋ ದೆವ್ವಗಳಿಗೆಲ್ಲ ನೀವು ಕರೆದು ಮಣೆ ಹಾಕ್ತೀರಲ್ರೀ" ಎಂದು ಇವರನ್ನು ಆಡಿಕೊಳ್ಳುತ್ತಿದ್ದೆ. "ಬಂದವರನ್ನ ಓಡಿಸೋದು ನಿನ್ನ ಗುಣ" ಎನ್ನುತ್ತಿದ್ದರು.

ಕ್ಯಾಮೆರಾ ಕಂಡದ್ದೇ ಇವರು ಎಡಗೈ ಚಾಚಿದರು. ತೊಡೆಯ ಮೇಲಿಟ್ಟೆ. "ಹೋಗಿ ಬರ್ತೀನಿ. ಹೋಗಿ ಬರ್ತೀನಿ." ನಾದಿನಿ ಎದ್ದು ಅಡುಗೆಮನೆಗೆ ಹೋದಳು.

ಮಾರ್ಚ್ 11

ಮಾತು ಕಲಿಸುವ ಮೇಡಂ ಇವತ್ತಿನಿಂದ ಬರುತ್ತಿದ್ದಾಳೆ. ನನ್ನ ಅರ್ಧ ವಯಸ್ಸು, ನನ್ನ ಎರಡರಷ್ಟು ತಾಳ್ಮೆ. ಒಂದು ಲೋಟದ ಚಿತ್ರ ತೋರಿಸಿ ಇದೇನು ಎಂದು ಕೇಳುತ್ತಾಳೆ, ಸುಮ್ಮನೆ ಕೂರುತ್ತಾಳೆ. ನನಗೆ ಕೂತ ಜಾಗದಲ್ಲಿ ಮುಳ್ಳು. "ಲೋಟ! ಲೋಟ ಅನ್ನಿ!" ಎಂದುಬಿಟ್ಟೆ.

"ನೀವು ಪದ ತುಂಬಿಸ್ಬೇಡಿ" ಎಂದಳು. "ಕೇಳಿ, ಆಮೇಲೆ ಕಾಯಿರಿ. ಅವರು ಒಳಗೆ ಹುಡುಕ್ತಾ ಇದ್ರೆ ನಿಮ್ಮ ಗದ್ದಲಕ್ಕೆ ಕೈ ತಪ್ಪಿಹೋಗತ್ತೆ."

ಇವರ ಆ ಒಂದು ಮಾತಿನ ಬಗ್ಗೆ ಕೇಳಿದೆ. ಯೋಚಿಸಿ ಆಡುವ ಮಾತು ಬೇರೆ, ನಾಲಿಗೆಗೆ ರೂಢಿಯಾದ ಮಾತು ಬೇರೆ, ಮೊದಲನೆಯದು ಹೋದರೂ ಎರಡನೆಯದು ಕೆಲವೊಮ್ಮೆ ಉಳಿಯುತ್ತದೆ ಎಂದು ವಿವರಿಸಿದಳು. "ಅದನ್ನ ಅವರು ಬಹಳ ಹೇಳ್ತಿದ್ರಾ?"

"ಎಲ್ಲರೂ ಹೇಳುವಷ್ಟೇ" ಎಂದೆ.

ಮಾರ್ಚ್ 14

ಕತ್ತಲೆ ಮಾಮ ಬಂದಿದ್ದರು. ಫಿಲಂ ತೊಳೆಯುವವರು, ಇವರ ಹಳೆಯ ದೋಸ್ತ್. ಬದುಕಿನ ಅರ್ಧ ಭಾಗವನ್ನು ಕತ್ತಲೆ ಕೋಣೆಯಲ್ಲಿ ಕಳೆದಿರುವುದರಿಂದ ನಾದಿನಿಯ ಮಗಳು ಚಿಕ್ಕವಳಿದ್ದಾಗ ಇಟ್ಟ ಹೆಸರು. ಬಿಸಿಲಿಗೆ ಬಂದರೆ ಈಗಲೂ ಕಣ್ಣು ಕಿರಿದು ಮಾಡುತ್ತಾರೆ.

"ನೋಡಮ್ಮಾ, ತಲೆ ಕೆಡಿಸ್ಕೋಬೇಡ. ಕತ್ತಲಲ್ಲಿ ಕ್ಯಾಮೆರಾ ಬಿಚ್ಚಿ, ಇವನು ತೆಗೆದಷ್ಟನ್ನ ಕತ್ತರಿಸಿ ತೊಳೆದುಕೊಡ್ತೀನಿ. ಅರ್ಧವಾದ್ರೂ ಉಳಿಯತ್ತೆ."

ನನಗೆ ಸರಿಯೆನಿಸಿತು. ಹೊಲಿಗೆ ಹಾಲ್ ಹೇಗೂ ಈಗಿರುವ ಹಾಗೇ ಇರುವುದಿಲ್ಲ. ತಿಂಗಳ ಕೊನೆಗೆ ಸಾಲು ಮುರಿದು ಮೆಷಿನ್ನುಗಳನ್ನು ಗುಂಪುಗುಂಪಾಗಿ ಇಡುತ್ತಾರಂತೆ. ಕ್ಯಾಮೆರಾ ಎತ್ತಿಕೊಳ್ಳಲು ಹೋದೆ. ಇವರು ಅದರ ಕುತ್ತಿಗೆಪಟ್ಟಿಯನ್ನು ಎಡಗೈಗೆ ಸುತ್ತಿ ಬಿಗಿಹಿಡಿದರು. ಎಳೆದೆ, ಬಿಡಲಿಲ್ಲ. ಬೆರಳು ಬೆಳ್ಳಗಾದವು. ಕಣ್ಣಿನಲ್ಲಿ ನನ್ನ ಮೇಲೆ ಸಿಟ್ಟು.

ಆಟಿಕೆ ಕೊಡದ ಮಗುವಿನ ಹಾಗೆ ಎಂದು ನಾದಿನಿ ಹೇಳಿದಳು. ನಾನೂ ಹಾಗೇ ಅಂದುಕೊಳ್ಳಬಹುದಿತ್ತು. ಆದರೆ ಆ ಸಿಟ್ಟು ನನಗೆ ಗೊತ್ತು. ನನ್ನ ಸೋದರಮಾವ ಇವರ ಒಂದು ನೆಗೆಟಿವ್ ಪಟ್ಟಿಯನ್ನು ಆಲ್ಬಮ್ಮಿಗೆ ಹಿಡಿಸಲೆಂದು ನಾಲ್ಕು ತುಂಡು ಮಾಡಿದಾಗ ಇದೇ ಸಿಟ್ಟಿತ್ತು. ಹಾಗಾದರೆ ಇವರು ಒಳಗಿದ್ದಾರೆಯೇ? ಇಲ್ಲ, ನಾನೇ ಆಸೆಯಿಂದ ಹಾಗೆ ಓದಿಕೊಳ್ಳುತ್ತಿದ್ದೇನೆಯೇ? ಇದೊಂದು ಗೊತ್ತಾದರೆ ಮಿಕ್ಕಿದ್ದನ್ನು ಹೇಗಾದರೂ ನಿಭಾಯಿಸುತ್ತೇನೆ.

ಮಾರ್ಚ್ 19, ಬುಧವಾರ

ನನ್ನ ದಾರಿ ನನಗಿದೆ ಎಂದುಕೊಂಡು ಡಿಜಿಟಲ್ ಕ್ಯಾಮೆರಾ ಹಿಡಿದು ಹೊಲಿಗೆ ಹಾಲಿಗೆ ಹೋದೆ. ಇಡೀ ಸಾಲನ್ನು ತೆಗೆದು ತಂದು ಇವರ ಹಾಗೇ ಒಂದರ ಮೇಲೊಂದು ಹಾಸಿದೆ. ಕಿಟಕಿಯನ್ನು ಕಾಲರಿನ ಮೇಲೆ, ಕತ್ತರಿಯನ್ನು ಕಿಟಕಿಯ ಮೇಲೆ. ತೆಳು ಮಾಡಿ ನೋಡಿದೆ, ಗಾಢ ಮಾಡಿ ನೋಡಿದೆ. ಬೇಡವೆನಿಸಿದ್ದನ್ನು ಒಂದು ಗುಂಡಿ ಒತ್ತಿ ಹಿಂದಕ್ಕೆ ಕಳಿಸಿದೆ. ಜಂಬವಲ್ಲ, ಚೆನ್ನಾಗಿತ್ತು. ನಾದಿನಿಯ ಕೈಯನ್ನು ಸರಿಯಾಗಿ ಬೆಳಕಿನ ಅಂಚಿಗೆ ತಂದು ಕೂರಿಸಿದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕಷ್ಟವಾದದ್ದು ನಿಲ್ಲಿಸುವುದು. ಇಷ್ಟು ಸಾಕು ಎಂದು ಯಾರು ಹೇಳಬೇಕು? ಇವರ ಫಿಲಂ ಮುಗಿದರೆ ಚಿತ್ರವೂ ಮುಗಿಯಿತು.

ಮಾರ್ಚ್ 20

ಇವರಿಗೆ ತೋರಿಸಿದೆ. ಪರದೆಗೆ ಮೂಗು ತಾಗುವಷ್ಟು ಬಗ್ಗಿ ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿದರು. ಆ ಕೈ ಇರುವ ಜಾಗಕ್ಕೆ ಬಂದಾಗ ನಿಂತರು, ಬೆರಳಿಟ್ಟರು, ನನ್ನ ಮುಖ ನೋಡಿದರು. ಮೆಚ್ಚಿಗೆಯೇ. ಇಷ್ಟು ವರ್ಷಗಳಲ್ಲಿ ನನ್ನ ಕೆಲಸವನ್ನು ಇವರು ಹೀಗೆ ಕೂತು ನೋಡಿದ್ದೇ ಇಲ್ಲ. ನಾನೂ ತೋರಿಸಿರಲಿಲ್ಲ ಅನ್ನಿ.

ಆಮೇಲೆ ನನ್ನ ಕೈಯನ್ನು ಹಿಡಿದು ಪ್ಲಾಸ್ಟಿಕ್ ಡಬ್ಬದ ಮೇಲಿಟ್ಟರು.

"ನಾನಾ? ನಾನು ಮುಗಿಸ್ಬೇಕಾ?"

"ಹೋಗಿ ಬರ್ತೀನಿ."

"ಇನ್ನೊಂದು ಸಲ ಹಾಗಂದ್ರೆ ನಾನೇ ಎಲ್ಲಾದ್ರೂ ಹೊರಟುಹೋಗ್ತೀನಿ" ಎಂದೆ.

ಮಾರ್ಚ್ 24

ಇವರ ಹತ್ತಿರ ಅಂಥದೇ ಇನ್ನೊಂದು ಡಬ್ಬ ಇದೆ. ಅದಕ್ಕೆ ಹೊಸ ರೀಲು ಹಾಕಿ ನಮ್ಮ ಬೀದಿಯನ್ನು ತೆಗೆದು ಕತ್ತಲೆ ಮಾಮನಿಗೆ ಕೊಟ್ಟಿದ್ದೆ. ತೊಳೆದು ತಂದವರು ಬಾಗಿಲಲ್ಲೇ ನಗುತ್ತಿದ್ದರು.

"ಯಾವ ಕಡೆಯಿಂದ ಶುರು ಮಾಡಿದೆಯಮ್ಮಾ?"

"ಬಲಗಡೆಯಿಂದ. ಆ ಕಡೆ ಬಿಸಿಲು ಚೆನ್ನಾಗಿತ್ತು."

ನಮ್ಮ ಬೀದಿ ತಲೆಕೆಟ್ಟವರ ಬೀದಿಯಾಗಿತ್ತು. ಔಷಧಿ ಅಂಗಡಿಯ ಬಲಗೋಡೆಗೆ ಅದರ ಎಡಪಕ್ಕದ ಕ್ಷೌರದಂಗಡಿ ಅಂಟಿಕೊಂಡಿತ್ತು. ಈ ಕ್ಯಾಮೆರಾದಲ್ಲಿ ಎಡದಿಂದ ಬಲಕ್ಕೇ ಹೋಗಬೇಕು, ಫಿಲಂ ಓಡುವ ದಿಕ್ಕು ಹಾಗಿದೆ. ನನ್ನ ಕಂಪ್ಯೂಟರಿಗೆ ಯಾವ ಕಡೆಯಿಂದ ತೆಗೆದುಕೊಟ್ಟರೂ ಅದೇ ಸಾಲಾಗಿ ಜೋಡಿಸಿಕೊಳ್ಳುತ್ತದೆ. ಇಷ್ಟು ವರ್ಷ ಕೆಲಸ ಮಾಡಿದವಳಿಗೆ ಹೀಗೊಂದು ಪ್ರಶ್ನೆಯಿದೆ ಎಂದೇ ತಿಳಿದಿರಲಿಲ್ಲ.

ಪಟ್ಟಿಯನ್ನು ಕಿಟಕಿಗೆ ಹಿಡಿದು ತೋರಿಸಿದಾಗ ಇವರು ನಕ್ಕರು. ಅರ್ಧ ಬಾಯಿಯ ನಗು. ಆಸ್ಪತ್ರೆ ಸೇರಿದ ಮೇಲೆ ಮೊದಲನೆಯದು. ಇಂಥ ನಗುವಿಗಾದರೆ ಇನ್ನೆರಡು ರೀಲು ಹಾಳು ಮಾಡಲೂ ಸೈ.

ಮಾರ್ಚ್ 26

ಹಾಳು ಮಾಡಿದೆ.

ಈ ಸಲ ದಿಕ್ಕು ಸರಿ, ಸುತ್ತಿದ್ದು ತಪ್ಪು. ಸುತ್ತುವ ತಿರುಪಿನ ಮೇಲೆ ಗುರುತು ಹಾಕಿ ಪ್ರತಿ ಸಲವೂ ಅಷ್ಟೇ ತಿರುಗಿಸಿದ್ದೆ. ಮೊದಲ ಚಿತ್ರಗಳು ಒಂದರ ಮೇಲೊಂದು ಗುಡ್ಡೆ ಬಿದ್ದಿವೆ, ಕೊನೆಯವು ಕೈಗೆ ಕೈ ತಾಗದಷ್ಟು ದೂರ. ಸುತ್ತಿದಂತೆಲ್ಲ ಸುರುಳಿ ದಪ್ಪವಾಗುತ್ತದೆ, ಅಷ್ಟೇ ತಿರುಗಿಸಿದರೂ ಫಿಲಂ ಹೆಚ್ಚು ಓಡುತ್ತದೆ ಎಂದು ಕತ್ತಲೆ ಮಾಮ ಹೇಳಿದರು. ಹಾಗಾದರೆ ಇವರು ಅಳತೆ ಹೇಗೆ ಇಡುತ್ತಿದ್ದರು ಎಂದರೆ, "ಅದನ್ನ ಅವನನ್ನೇ ಕೇಳ್ಬೇಕು" ಎಂದವರು ನಾಲಿಗೆ ಕಚ್ಚಿಕೊಂಡರು.

ಇವರ ಹಳೆಯ ಪಟ್ಟಿಗಳನ್ನು ತೆಗೆದು ನೋಡಿದೆ. ಮೊದಲಿನಿಂದ ಕೊನೆಯವರೆಗೆ ಒಂದೇ ಅಳತೆಯ ಹೆಣಿಗೆ. ಬೆಳಕಿನದೂ ಲೆಕ್ಕವಿದೆ. ಕಪ್ಪಿನ ಮೇಲೆ ಮಾತ್ರ ಮುಂದಿನ ಚಿತ್ರ ಕೂರುತ್ತದೆ, ಬಿಳಿಯ ಮೇಲೆ ಏನಿಟ್ಟರೂ ಕರಗಿಹೋಗುತ್ತದೆ. ಹಾಗಾಗಿ ಪ್ರತಿ ಕೂಡುವ ಜಾಗದಲ್ಲಿ ಒಂದು ನೆರಳೋ, ಕೋಟೋ, ತೆರೆದ ಬಾಗಿಲೋ ಕಾದಿರುತ್ತದೆ. ಇದನ್ನೆಲ್ಲ ಪರದೆಯಿಲ್ಲದೆ, ಹಿಂದಕ್ಕೆ ಕಳಿಸುವ ಗುಂಡಿಯಿಲ್ಲದೆ, ಹಿಂದಿನ ಚಿತ್ರವನ್ನು ತಲೆಯಲ್ಲೇ ಹೊತ್ತುಕೊಂಡು ಮಾಡಿದ್ದಾರೆ. ಇಂಥ ಮನುಷ್ಯನಿಗೆ ನಾನು ಅಂಗಡಿಯಿಂದ ನಾಲ್ಕು ಸಾಮಾನು ತರಲು ಚೀಟಿ ಬರೆದುಕೊಡುತ್ತಿದ್ದೆ.

ಮಾರ್ಚ್ 27

ಸಾಕಾಗಿದೆ. ಸೋಮವಾರ ಕೊನೆ, ಮಂಗಳವಾರ ಸಾಲು ಮುರಿಯುತ್ತಾರೆ. ನಾಳೆ ಕ್ಯಾಮೆರಾವನ್ನು ಕತ್ತಲೆ ಮಾಮನಿಗೆ ಕೊಟ್ಟುಬಿಡುತ್ತೇನೆ.

ಮಾರ್ಚ್ 28, ಶುಕ್ರವಾರ

ಕೊಡಲಿಲ್ಲ. ಇದ್ದದ್ದು ಇದ್ದಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಊಟದ ಮೇಜಿನ ಮೇಲೆ ಎರಡನೆಯ ಡಬ್ಬದ ಬೆನ್ನು ತೆಗೆದು, ಹಾಳಾದ ಫಿಲಮ್ಮನ್ನೇ ಮತ್ತೆ ಅದರ ಬೆನ್ನಿಗಿದ್ದ ಅಂಕಿಯ ಕಾಗದಕ್ಕೆ ಅಂಟಿಸಿ ಸುರುಳಿಗೆ ಸುತ್ತಿ ಒಳಗಿಟ್ಟು, ತಿರುಪು ತಿರುಗಿಸಿದರೆ ಎಷ್ಟು ಓಡುತ್ತದೆ ಎಂದು ನೋಡುತ್ತಿದ್ದೆ. ಇವರು ಎದುರಿಗೆ ಗಾಲಿಕುರ್ಚಿಯಲ್ಲಿದ್ದರು.

"ಹೋಗಿ ಬರ್ತೀನಿ" ಎಂದರು.

ಬೈಯಲು ಬಾಯಿ ತೆರೆದೆ. ಯಾಕೋ ಬೈಯಲಿಲ್ಲ, ತಲೆಯೆತ್ತಿ ನೋಡುತ್ತ ಕೂತೆ. ಇವರು ಎಡಗೈಯ ಹೆಬ್ಬೆರಳು, ತೋರುಬೆರಳು ಜೋಡಿಸಿ ಗಾಳಿಯಲ್ಲಿ ಏನನ್ನೋ ತಿರುಗಿಸುತ್ತಿದ್ದರು. "ಹೋಗೀ ಬರ್ತೀನಿ." ಮಾತು ಶುರುವಾದಾಗ ಬೆರಳು ಶುರು. ಮಾತು ನಿಂತಾಗ ಬೆರಳೂ ನಿಂತಿತು.

ತಿರುಪಿಗೆ ಕೈಯಿಟ್ಟೆ. "ಹೇಳಿ" ಎಂದೆ.

"ಹೋಗೀ ಬರ್ತೀನಿ."

ಮಾತಿನ ಜೊತೆಗೇ ತಿರುಗಿಸಿ, ಮಾತಿನ ಜೊತೆಗೇ ನಿಲ್ಲಿಸಿದೆ. ಫಿಲಂ ಒಂದು ಚಿತ್ರದ ಅರ್ಧಕ್ಕಿಂತ ಒಂದು ಕೂದಲು ಹೆಚ್ಚು ಸರಿದಿತ್ತು. ಇವರ ಹಳೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದೆ. ಅದೇ ಅಳತೆ. ಮತ್ತೆ ಹೇಳಿದರು, ಮತ್ತೆ ಸುತ್ತಿದೆ. ಸುರುಳಿ ದಪ್ಪವಾದಂತೆ ಮಾತನ್ನು ಚುರುಕು ಮಾಡುತ್ತ ಹೋದರು. ಕೊನೆಕೊನೆಗೆ "ಹೋಗ್ಬರ್ತೀನಿ" ಎಂದು ಒಂದೇ ಉಸಿರಿಗೆ. ಮೊದಲಿನಿಂದ ಕೊನೆಯವರೆಗೆ ಅಳತೆ ತಪ್ಪಲಿಲ್ಲ.

ಕ್ಯಾಮೆರಾ ಹಿಡಿದಾಗ ಇವರು ಏನೋ ಗೊಣಗುತ್ತಿದ್ದರು, ನಿಜ. ಡಬ್ಬದ ಜೊತೆ ಸಂಸಾರ ಮಾಡುತ್ತೀರಾ ಎಂದು ನಾನೇ ಎಷ್ಟೋ ಸಲ ಕೆಣಕಿದ್ದೇನೆ. ಏನು ಗೊಣಗುತ್ತೀರಿ ಎಂದು ಮಾತ್ರ ಕೇಳಲಿಲ್ಲ. ಅರ್ಧ ಹೋಗುವುದು, ಅರ್ಧ ಉಳಿದು ಮತ್ತೆ ಬರುವುದು. ಆ ಕೆಲಸಕ್ಕೆ ಅದಕ್ಕಿಂತ ಸರಿಯಾದ ಮಾತು ಎಲ್ಲಿ ಸಿಗುತ್ತದೆ!

"ಇಷ್ಟು ದಿನ ನನಗೆ ಇದನ್ನೇ ಹೇಳಿಕೊಡ್ತಿದ್ರಾ?"

ತಲೆಯಾಡಿಸಿದರು. ಕಣ್ಣಲ್ಲಿ ನೀರಿತ್ತು, ಅರ್ಧ ಬಾಯಲ್ಲಿ ನಗುವಿತ್ತು. ದಡ್ಡಿ ಎಂದು ಬೈದ ಹಾಗೂ ಇತ್ತು. ನೀರು ಬೇಕಾ ಎಂದರೂ ಅದೇ ಮಾತು ಬರುತ್ತದೆ, ಅದು ಬೇರೆ. ಇದು ಬೇರೆ. ಇವರು ಒಳಗಿದ್ದಾರೆ. ಪೂರ್ತಿ ಇದ್ದಾರೆ. ಮೇಜಿನ ಮೇಲೆ ತಲೆಯಿಟ್ಟು ಸಂತೋಷಕ್ಕೆ ಅತ್ತೆ.

ಮಾರ್ಚ್ 31, ಸೋಮವಾರ

ಇಬ್ಬರೂ ಹೊಲಿಗೆ ಹಾಲಿಗೆ ಹೋಗಿದ್ದೆವು. ಗಾಲಿಕುರ್ಚಿಯನ್ನು ನಾದಿನಿ ತಳ್ಳಿದಳು, ಕ್ಯಾಮೆರಾ ನನ್ನ ಕುತ್ತಿಗೆಯಲ್ಲಿತ್ತು.

ಮೊದಲ ಗೊಂದಲ: ಅವತ್ತು ಕೊನೆಯ ಸಲ ಒತ್ತಿದ ಮೇಲೆ ಇವರು ಸುತ್ತಿದ್ದರೋ ಇಲ್ಲವೋ? ಸುತ್ತದಿದ್ದರೆ ನಮ್ಮ ಮೊದಲ ಚಿತ್ರ ಆ ಕೊನೆಯ ಚಿತ್ರದ ಮೇಲೆ ಪೂರ್ತಿ ಬಿದ್ದು ಎರಡೂ ಹಾಳು. ನಾದಿನಿಗೆ ಗೊತ್ತಿಲ್ಲ. ಇವರ ಮುಂದೆ ಮಂಡಿಯೂರಿ ಕೇಳಿದೆ, "ಸುತ್ತಿದ್ರಾ?"

ಇವರು ಕಣ್ಣು ಮುಚ್ಚಿದರು. ಸಾಲಿನವರೆಲ್ಲ ನೋಡುತ್ತಿದ್ದರು. ನಾದಿನಿ "ಸುತ್ತಿರ್ತೀಯಲ್ವಾ ಅಣ್ಣ?" ಎಂದು ಬಾಯಿ ಹಾಕಿದಳು. ಅವಳ ಮೊಣಕೈ ಹಿಡಿದು ತಡೆದೆ. ಬಹಳ ಹೊತ್ತಾದ ಮೇಲೆ ಕಣ್ಣು ತೆರೆದು ಇಲ್ಲವೆಂದು ತಲೆಯಲ್ಲಾಡಿಸಿದರು.

ಎರಡನೆಯದು ಸದ್ದು. ಅಷ್ಟು ಮೆಷಿನ್ನುಗಳ ನಡುವೆ ಇವರ ದನಿ ಕೇಳುವುದೇ ಇಲ್ಲ. "ಅವತ್ತೂ ಅಣ್ಣನ ತುಟಿ ಅಲ್ಲಾಡೋದಷ್ಟೇ ಕಾಣ್ತಿತ್ತು ಅತ್ತಿಗೆ" ಎಂದಳು ನಾದಿನಿ. ಆಮೇಲೆ ಅವಳೇ ಉಪಾಯ ಮಾಡಿದಳು. ಅವಳು ಕೈಯೆತ್ತಿದರೆ ಸಾಲೆಲ್ಲ ನಿಲ್ಲಿಸಬೇಕು, ಇಳಿಸಿದರೆ ಹೊಲಿಯಬೇಕು.

ಕೈ ಮೇಲೆ ಹೋಯಿತು. ಹಾಲ್ ಗಪ್‌ಚುಪ್. ಆ ನಿಶ್ಶಬ್ದದಲ್ಲಿ ಇವರು ಹೇಳಿದರು, "ಹೋಗಿ ಬರ್ತೀನಿ." ನಾನು ಸುತ್ತಿದೆ. ಕೈ ಇಳಿಯಿತು, ಮೆಷಿನ್ನುಗಳು ಒಮ್ಮೆಗೇ ಗರ್ರೆಂದವು, ನಾನು ಒತ್ತಿದೆ. ಬಲಕ್ಕೆ ಸರಿದೆವು. ಮತ್ತೆ ಕೈ, ಮತ್ತೆ ಮೌನ, ಮತ್ತೆ ಇವರ ಮಾತು. ಎರಡು ಮೂರು ಸಲವಾದ ಮೇಲೆ ಸಾಲಿನವರು ನಾದಿನಿಯ ಕೈ ನೋಡುವುದನ್ನೇ ಬಿಟ್ಟರು, ಇವರ ಬಾಯಿ ನೋಡಿ ನಿಲ್ಲಿಸತೊಡಗಿದರು. ಎಂಥ ಜನ! ಯಾರೂ ನಗಲಿಲ್ಲ. ಯಾರೂ ಅಯ್ಯೋ ಪಾಪ ಎನ್ನಲೂ ಇಲ್ಲ. ಕಾಲರು ಹೊಲಿಯುವಾಕೆ ಮಾತ್ರ, "ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಿ ಅಣ್ಣಾ, ಈ ಮೂಲೆಗೆ ಕೇಳ್ಸಲ್ಲ" ಎಂದಳು. ಇವರು ಗಟ್ಟಿಯಾಗಿ ಹೇಳಿದರು.

ಸಾಲು ಮುಗಿದರೂ ತಿರುಪು ಇನ್ನೂ ಬಿಗಿಯಾಗಿತ್ತು, ಫಿಲಂ ಉಳಿದಿತ್ತು. ಕೊನೆಯ ಮೆಷಿನ್ನಿನ ಆಚೆ ಕಪ್ಪು ಬಟ್ಟೆಯ ಥಾನುಗಳನ್ನು ಒಟ್ಟಿದ್ದಾರೆ. ಇವರ ಕುರ್ಚಿಯನ್ನು ಅಲ್ಲಿಗೆ ತಳ್ಳಿಸಿದೆ. ಎಡಗೈ ಬೀಸಿ ಬೇಡವೆಂದರು.

"ಜೀವಮಾನವೆಲ್ಲ ಡಬ್ಬದ ಹಿಂದೆ ನಿಂತದ್ದು ಸಾಕು. ಸುಮ್ನೆ ಕೂತ್ಕೊಂಡು ಸುತ್ತೋಕೆ ಹೇಳ್ರೀ."

ಲೆನ್ಸಿನ ಎದುರಿಗೇ ಕೂತು ಹೇಳಿದರು, "ಹೋಗ್ಬರ್ತೀನಿ." ಸುತ್ತಿದೆ. ಒತ್ತಿದೆ. ಆಮೇಲೆ ತಿರುಪು ಸಡಿಲವಾಗಿ ತಿರುಗಿತು.

ಏಪ್ರಿಲ್ 1

ಕತ್ತಲೆ ಮಾಮನಿಗೆ ರೀಲು ಕೊಟ್ಟೆ. "ಕತ್ತರಿಸ್ಬೇಡಿ" ಎಂದು ಡಬ್ಬಿಯ ಮೇಲೆ ಬರೆದೆ. "ನನಗೇ ಹೇಳ್ತೀಯಾ?" ಎಂದು ಮುನಿಸಿಕೊಂಡರು.

ಏಪ್ರಿಲ್ 3, ಗುರುವಾರ

ಪಟ್ಟಿಯನ್ನು ಇಡಿಯಾಗಿ ಉದ್ದನೆಯ ಕಾಗದಕ್ಕೆ ಇಳಿಸಿ, ಸುರುಳಿ ಸುತ್ತಿಕೊಂಡು ಕತ್ತಲೆ ಮಾಮನೇ ತಂದರು. ಮೇಜಿನ ಮೇಲೆ ಬಿಡಿಸಿದೆವು. ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿಯನ್ನು ಇವರು ಎಡಗೈಯಿಂದ ಒತ್ತಿಹಿಡಿದರು.

ಎಡಗಡೆ ಇವರದು. ಕಿಟಕಿಯೊಳಗೆ ಮೆಷಿನ್ನು, ಮೆಷಿನ್ನಿನೊಳಗೆ ಬಗ್ಗಿದ ತಲೆ, ತಲೆಯ ಕಪ್ಪಿನಲ್ಲಿ ಮುಂದಿನ ಕಿಟಕಿ. ನಡುವಿನಲ್ಲಿ ಒಂದು ಕಿಟಕಿ ವಾಲಿದೆ, ನೆಲ ಮೇಲೆದ್ದಿದೆ. ಇವರು ಕುಸಿಯುತ್ತ ಒತ್ತಿದ್ದು. ಅದರಲ್ಲಿ ನಾದಿನಿ ಎರಡೂ ಕೈ ಚಾಚಿ ಅಣ್ಣನ ಕಡೆ ಓಡಿಬರುತ್ತಿದ್ದಾಳೆ. ಅವಳ ಕಪ್ಪು ರವಿಕೆಯ ಮೇಲೆ ನಾನು ತೆಗೆದ ನಾದಿನಿ ನೆಟ್ಟಗೆ ನಿಂತು ಕೈ ಇಳಿಸುತ್ತಿದ್ದಾಳೆ. ಓಡುವವಳ ಕೈ, ಇಳಿಸುವವಳ ಕೈ, ಯಾವುದು ಯಾವಾಗಿನದು ಎಂದು ಹೇಳಲು ಬರುವುದಿಲ್ಲ. ಕಚೇರಿಯಲ್ಲಾಗಿದ್ದರೆ ಮೊದಲು ಒರೆಸುತ್ತಿದ್ದದ್ದು ಇದನ್ನೇ. ಇಷ್ಟು ಚೆಂದದ್ದನ್ನು ನಾನು ಈವರೆಗೆ ಮಾಡಿಲ್ಲ. ಮಾಡಿದ್ದು ನಾನೊಬ್ಬಳೇ ಅಲ್ಲ ಎಂಬುದು ಇನ್ನೂ ಚೆಂದ.

ಅಲ್ಲಿಂದಾಚೆ ನಮ್ಮ ಹೆಣಿಗೆ. ಅಳತೆ ಎಲ್ಲೂ ತಪ್ಪಿಲ್ಲ. ಯಾರ ಕೈ ಎಲ್ಲಿಗೆ ಮುಗಿದು ಯಾರದು ಶುರುವಾಯಿತು ಎಂದು ಕತ್ತಲೆ ಮಾಮ ಕನ್ನಡಕ ಹಾಕಿ ಹುಡುಕಿ ಸೋತರು. "ಅವನಿಗೆ ಸರಿಯಾದ ಜೋಡಿಯಮ್ಮಾ ನೀನು" ಎಂದರು. ಮದುವೆಯ ದಿನ ಹೇಳಬೇಕಾದದ್ದನ್ನು ಈಗ ಹೇಳಿದರು.

ಇವರ ಬೆರಳು ಕಾಗದದ ಮೇಲೆ ನಿಧಾನವಾಗಿ ಬಲಕ್ಕೆ ಸರಿಯಿತು. ಕೊನೆಯ ಮೆಷಿನ್ನು, ಅದರ ದೀಪ. ದೀಪದ ಬೆಳಕು ಚೆಲ್ಲಿದ್ದು ಕುರ್ಚಿಯಲ್ಲಿ ಕೂತವರ ಕಪ್ಪು ಅಂಗಿಯ ಮೇಲೆ. ಬಾಯಿ ಸ್ವಲ್ಪ ಸೊಟ್ಟ, ಕಣ್ಣು ನೆಟ್ಟಗೆ ನನ್ನ ಕಡೆ. ತಮ್ಮದೇ ಮುಖದ ಮೇಲೆ ಬೆರಳಿಟ್ಟರು. ತುಟಿ ಅಲ್ಲಾಡಿತು. ನಾನು ಏನೂ ತುಂಬಿಸಲಿಲ್ಲ. ಕತ್ತಲೆ ಮಾಮ ಏನೋ ಹೇಳಹೊರಟರು, ಕಾಲು ತುಳಿದೆ.

"ಬಂ" ಎಂದರು. ನಿಂತರು. ಮತ್ತೆ ಹುಡುಕಿದರು.

"ಬಂದೆ."

ಫೋಟೋದಲ್ಲಿ ಬಂದೆ ಎಂದರೋ, ಇನ್ನೇನೆಂದರೋ. ಅದನ್ನು ಯೋಚಿಸುವ ಮೊದಲೇ ನನ್ನ ಬಾಯಿ ಇಷ್ಟು ವರ್ಷದ ರೂಢಿಯಂತೆ ಕೇಳಿಬಿಟ್ಟಿತ್ತು:

"ಯಾಕಿಷ್ಟು ತಡ?"